ಮಳೆಯ ಕೆಲಸಕ್ಕೆ ಊರಿನ ಮೇಸ್ತ್ರಿಯೇ ಬೇಕು

ಮೇ ತಿಂಗಳ ಮೂರನೇ ವಾರ ನಿಮ್ಮ ಮನೆಯಲ್ಲಿ ಏನು ನಡೆಯುತ್ತಿರುತ್ತದೆ? ನಮ್ಮಲ್ಲಂತೂ ತಾರಸಿಯ ತುಂಬ ಹಲಸಿನ ಹಪ್ಪಳ, ಅಂಗಳದ ಚಾಪೆಯ ಮೇಲೆ ಮೆಣಸು-ಕೊತ್ತಂಬರಿ, ಬಚ್ಚಲ ಹಿಂದೆ ಪೇರಿಸಿಟ್ಟ ಸೌದೆ. ಮಕ್ಕಳಿಗೆ ಕೊಡೆ, ರೈನ್‌ಕೋಟು, ಹೊಸ ಚಪ್ಪಲಿ. ನಾಲ್ಕು ತಿಂಗಳ ಮಳೆಗೆ ಬೇಕಾದ ಸಾಮಾನನ್ನೆಲ್ಲ ಒಂದೊಂದಾಗಿ ಲೆಕ್ಕ ಹಾಕಿ ಜೋಡಿಸುವವರು ನಾವು. ಆದರೆ ಆ ಮಳೆಯ ನೀರು ಮನೆಯ ಸುತ್ತಿನಿಂದ ಎಲ್ಲಿಗೆ ಹೋಗಬೇಕು ಎಂಬ ಲೆಕ್ಕವನ್ನು ಮಾತ್ರ ಗಂಡಸರಿಗೆ ಬಿಟ್ಟುಬಿಟ್ಟಿದ್ದೇವೆ. ಅವರು ಅದನ್ನು ಮಳೆಗೇ ಬಿಟ್ಟಿದ್ದಾರೆ!

ಪತ್ತನಾಜೆಗೆ ಹತ್ತು ಹನಿಯಾದರೂ ಬೀಳಬೇಕು ಎಂಬುದು ನಮ್ಮ ತುಳುನಾಡಿನ ಮಾತು. ಮೇ 24ರ ಆಸುಪಾಸಿನಲ್ಲಿ ಬರುವ ದಿನ ಅದು. 2025ರಲ್ಲಿ ನೋಡಿ, ವಾಡಿಕೆಯಂತೆ ಜೂನ್ 1ಕ್ಕೆ ಕೇರಳಕ್ಕೆ ಬರಬೇಕಾದ ಮುಂಗಾರು ಮೇ 24ಕ್ಕೇ ಬಂದು, ಒಂದೆರಡು ದಿನದಲ್ಲಿ ನಮ್ಮ ಕರಾವಳಿಗೂ ಕಾಲಿಟ್ಟಿತು. ಹತ್ತು ಹನಿಯ ಮಾತೆಲ್ಲಿ, ಹಪ್ಪಳ ಒಳಗೆ ತರಲಿಕ್ಕೂ ಪುರುಸೊತ್ತು ಕೊಡಲಿಲ್ಲ. ಆ ವಾರವೇ, ಮೇ 30ರಂದು, ಉಳ್ಳಾಲದ ಹತ್ತಿರ ಮಂಜನಾಡಿಯಲ್ಲಿ ಮನೆಯ ಮೇಲೆ ಗುಡ್ಡ ಕುಸಿದು ಅಜ್ಜಿ ಮತ್ತು ಇಬ್ಬರು ಪುಟ್ಟ ಮಕ್ಕಳು ತೀರಿಹೋದರು. ಅದರ ಹಿಂದಿನ ವರ್ಷ ಜೂನ್ 26ರ ಬೆಳಗ್ಗೆ ಕುತ್ತಾರಿನ ಮದನಿನಗರದಲ್ಲಿ ಪಕ್ಕದ ಮನೆಯ ಆವರಣ ಗೋಡೆ ಬಿದ್ದು ಅಪ್ಪ, ಅಮ್ಮ, ಇಬ್ಬರು ಹೆಣ್ಣುಮಕ್ಕಳು ಮಲಗಿದಲ್ಲೇ ಹೋದರು. 2023ರ ಜುಲೈಯಲ್ಲಿ ನಮ್ಮ ಬಂಟ್ವಾಳ ತಾಲೂಕಿನದೇ ನಂದಾವರದಲ್ಲಿ ಮನೆ ಹಿಂದಿನ ಗುಡ್ಡ ಜರಿದು ಗೃಹಿಣಿಯೊಬ್ಬರು ಸತ್ತರು. ಇವನ್ನೆಲ್ಲ ನೆನಪಿಸಿ ಹೆದರಿಸಬೇಕೆಂದಲ್ಲ. ಗೋಡೆ, ದರೆ, ಚರಂಡಿ ಎಂದರೆ ನಮಗೆ ಸಂಬಂಧವಿಲ್ಲದ ಸಿಮೆಂಟಿನ ವಿಷಯ ಎಂದುಕೊಂಡಿದ್ದೆವಲ್ಲ, ಅದು ನಮ್ಮ ಮಕ್ಕಳು ಮಲಗುವ ಕೋಣೆಯ ವಿಷಯ ಎಂದು ಹೇಳಲಿಕ್ಕೆ.

ನನಗೂ ಇದು ಸುಲಭವಾಗಿ ತಲೆಗೆ ಹೋದದ್ದಲ್ಲ. ನನ್ನ ಪೆದ್ದುತನವನ್ನೇ ಮೊದಲು ಹೇಳಿಬಿಡುತ್ತೇನೆ.

ನಮ್ಮ ಮನೆ ಬಿ.ಸಿ. ರೋಡಿನಿಂದ ಸ್ವಲ್ಪ ಒಳಗೆ, ಇಳಿಜಾರಿನಲ್ಲಿ. ಎಂಟು ಸೆಂಟ್ಸ್ ಜಾಗ. ಜೆಸಿಬಿ ತಂದು ಹಿಂದಿನ ಗುಡ್ಡ ಕಡಿದು, ಆ ಮಣ್ಣನ್ನೇ ಮುಂದೆ ತುಂಬಿಸಿ ಸಮತಟ್ಟು ಮಾಡಿದ್ದು. ಮುಂದಿನ ಮಣ್ಣು ಜಾರದಂತೆ ಒಂದು ಗೋಡೆ ಬೇಕಲ್ಲ? ಊರಿನ ಮೇಸ್ತ್ರಿಯನ್ನು ಕರೆದೆವು. ಅವರು ಜಾಗ ನೋಡಿ, "ಅಕ್ಕಾ, ಇದು ತುಂಬಿಸಿದ ಮಣ್ಣು. ಹಿಂದೆ ಜಲ್ಲಿ ಹಾಕಿ, ಗೋಡೆಯಲ್ಲಿ ನೀರು ಹೋಗ್ಲಿಕ್ಕೆ ತೂತು ಬಿಡದಿದ್ರೆ ಆಗ್ಲಿಕ್ಕಿಲ್ಲ" ಎಂದರು. ನನಗೋ, ರಸ್ತೆಗೆ ಕಾಣುವ ಗೋಡೆ. ಅದರಲ್ಲಿ ತೂತು, ತೂತಿನಿಂದ ಕೆಂಪು ನೀರು, ಹೊಸ ಬಣ್ಣದ ಮೇಲೆ ಕಲೆ! ಬೇಡವೇ ಬೇಡ ಎಂದೆ. ಅವರು ತೂತಿಲ್ಲದೆ ಕಟ್ಟಲು ಒಪ್ಪಲಿಲ್ಲ. ಪೇಟೆಯಿಂದ ಒಬ್ಬ ಕಾಂಟ್ರಾಕ್ಟರ್ ಬಂದ. ನೀಟಾದ ಅಂಗಿ, ಮೊಬೈಲಿನಲ್ಲಿ ಅವನು ಕಟ್ಟಿದ ಗೋಡೆಗಳ ಫೋಟೋ. "ತೂತು ಯಾಕೆ ಮೇಡಂ, ನೀಟಾಗಿ ಮಾಡಿಕೊಡ್ತೇವೆ" ಎಂದ. ಮಾರ್ಚ್ ತಿಂಗಳು, ನೆಲ ಬಿರುಕು ಬಿಟ್ಟಿತ್ತು. ಮೂರೇ ವಾರದಲ್ಲಿ ಗೋಡೆ ಎದ್ದಿತು, ತಿಳಿಹಳದಿ ಬಣ್ಣವೂ ಬಿತ್ತು. ನೋಡಿದವರೆಲ್ಲ ಹೊಗಳಿದರು.

ಮೊದಲ ಮಳೆಗಾಲ ಏನೂ ಆಗಲಿಲ್ಲ. ಎರಡನೆಯ ವರ್ಷದ ಜುಲೈ, ಮೂರು ದಿನ ಬಿಡದೆ ಸುರಿದಿತ್ತು. ಬೆಳಗ್ಗೆ ರಂಗೋಲಿ ಹಾಕಲು ಹೋದವಳು ನೋಡಿದರೆ ಗೋಡೆಯ ಹೊಟ್ಟೆ ಮುಂದೆ ಬಂದಿದೆ. ಅಡ್ಡಕ್ಕೆ ಒಂದು ಬಿರುಕು, ಅದರಿಂದ ಸಣ್ಣಗೆ ನೀರು ಬೆವರಿದ ಹಾಗೆ ಇಳಿಯುತ್ತಿದೆ. ಗೋಡೆಯ ಕೆಳಗೆ, ನಾಲ್ಕು ಮಾರು ದೂರದಲ್ಲಿ, ಪಕ್ಕದ ಮನೆಯ ದೊಡ್ಡಮ್ಮನ ಬಚ್ಚಲು. ಒಳಗಿನಿಂದ ಮಗುವಿಗೆ ಮೀಯಿಸುವ ಸದ್ದು ಕೇಳುತ್ತಿತ್ತು. ಆ ಸದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ.

ಕಾಂಟ್ರಾಕ್ಟರಿಗೆ ಫೋನ್ ಮಾಡಿದೆವು. "ಮಳೆ ನಿಲ್ಲಲಿ ಮೇಡಂ, ಬಂದು ನೋಡ್ತೇನೆ" ಎಂದ. ಮಳೆ ನಿಂತ ಮೇಲೆ ನೋಡಲಿಕ್ಕೆ ಏನು ಉಳಿದಿರುತ್ತದೆ, ನೀವೇ ಹೇಳಿ! ಕೊನೆಗೆ ನಾಚಿಕೆ ಬಿಟ್ಟು ಊರಿನ ಮೇಸ್ತ್ರಿಗೇ ಫೋನ್ ಮಾಡಿದೆ. ಕಾಲು ಗಂಟೆಯಲ್ಲಿ ಬಂದರು. ಗೋಡೆಯನ್ನು ಮುಟ್ಟಲಿಲ್ಲ, ಯಾರನ್ನೂ ಮುಟ್ಟಲು ಬಿಡಲಿಲ್ಲ. ಮೊದಲು ಕೆಳಗಿನ ಮನೆಗೆ ಹೋಗಿ, ಬಚ್ಚಲಿಗೆ, ಆ ಬದಿಯ ಕೋಣೆಗೆ ಯಾರೂ ಹೋಗಬೇಡಿ ಎಂದು ಹೇಳಿದರು. ಆಮೇಲೆ ಮೇಲೆ ಬಂದು ನಮ್ಮ ಮಾಡಿನ ನೀರು ಎಲ್ಲಿ ಬೀಳುತ್ತದೆಂದು ನೋಡಿದರು. ತಾರಸಿಯ ಪೈಪು ನೆಟ್ಟಗೆ ಆ ತುಂಬಿಸಿದ ಮಣ್ಣಿನ ಮೇಲೇ ಸುರಿಯುತ್ತಿತ್ತು! ಎರಡು ವರ್ಷ ದಿನಾ ಅದನ್ನು ದಾಟಿ ಬಟ್ಟೆ ಒಣಗಿಸಿದ್ದೇನೆ, ಒಮ್ಮೆಯೂ ತಲೆಗೆ ಹೊಳೆದಿರಲಿಲ್ಲ. ಅವರು ಇಪ್ಪತ್ತು ಅಡಿ ಪಿವಿಸಿ ಪೈಪು ಜೋಡಿಸಿ ಆ ನೀರನ್ನು ಇನ್ನೊಂದು ಬದಿಯ ತೋಡಿಗೆ ಬಿಟ್ಟರು. ಮಣ್ಣಿನ ಮೇಲೆ ಟಾರ್ಪಾಲು ಹೊದೆಸಿದರು. ದೊಡ್ಡಮ್ಮನ ಮನೆಯವರು ಮೂರು ರಾತ್ರಿ ನಮ್ಮ ಹಾಲಿನಲ್ಲಿ ಮಲಗಿದರು. ಗೋಡೆ ಬೀಳಲಿಲ್ಲ. ಡಿಸೆಂಬರಿನಲ್ಲಿ ಅದನ್ನು ಕೆಡವಿ ಅವರಿಂದಲೇ ಕಟ್ಟಿಸಿದೆವು, ಆರು ತೂತಿನ ಸಮೇತ. "ನಾನು ಆಗಲೇ ಹೇಳಿದ್ದೆ" ಎಂಬ ಮಾತು ಅವರ ಬಾಯಿಂದ ಇವತ್ತಿನವರೆಗೆ ಬಂದಿಲ್ಲ. ನಮ್ಮ ಮನೆಯವರ ಬಾಯಿಂದ ಮಾತ್ರ ವಾರಕ್ಕೊಮ್ಮೆ ಬರುತ್ತದೆ.

ನಮ್ಮ ನೆಲದ ಗುಟ್ಟು

ಯಾಕೆ ಹೀಗಾಗುತ್ತದೆ ಎಂದು ಆಮೇಲೆ ಕೇಳಿ ತಿಳಿದುಕೊಂಡೆ. ನಮ್ಮ ಕಡೆ ಮೇಲ್ಗಡೆ ಇರುವುದು ಗಟ್ಟಿ ಮುರಕಲ್ಲು, ಅಂದರೆ ನಾವು ಮನೆ ಕಟ್ಟುವ ಕೆಂಪುಕಲ್ಲು. ಜೆಸಿಬಿಯಲ್ಲಿ ನೆಟ್ಟಗೆ ಕಡಿದರೂ ಬೇಸಗೆಯಲ್ಲಿ ಅದು ಗೋಡೆಯಂತೆ ನಿಲ್ಲುತ್ತದೆ. ಆದರೆ ಅದರ ಕೆಳಗೆ ಹಲವು ಕಡೆ ಶೇಡಿ ಮಣ್ಣು ಇರುತ್ತದೆ. ಬಿಳಿ, ಹಳದಿ, ಕೆಲವು ಕಡೆ ಗುಲಾಬಿ ಬಣ್ಣದ್ದು. ಒಣಗಿದ್ದಾಗ ಕಲ್ಲಿನಂತೆ ಗಟ್ಟಿ, ನೀರು ಕುಡಿದರೆ ನಾದಿದ ಮೈದಾ ಹಿಟ್ಟು. ಗುಡ್ಡ ಕಡಿದಾಗ ಶೇಡಿ ಹೊರಗೆ ಕಂಡರೆ ಅಲ್ಲೇ ಎಚ್ಚರ ಬೇಕು. ಮಳೆಗೆ ಅದು ಕರಗಿ, ಮೇಲಿನ ಗಟ್ಟಿಕಲ್ಲು ಆಧಾರವಿಲ್ಲದೆ ಒಮ್ಮೆಲೇ ಬೀಳುತ್ತದೆ. ಗೋಡೆಯ ಕಥೆಯೂ ಇದೇ. ಗೋಡೆಯನ್ನು ದೂಡುವುದು ಬರೀ ಮಣ್ಣಲ್ಲ, ಮಣ್ಣಿನಲ್ಲಿ ನಿಂತ ನೀರು.

ಇನ್ನು ನೀರಿನ ಲೆಕ್ಕ. ಇದನ್ನು ನಾವೇ ಅಡುಗೆಮನೆಯಲ್ಲಿ ಕೂತು ಮಾಡಬಹುದು. ಒಂದು ಸಾವಿರ ಚದರಡಿಯ ತಾರಸಿಯ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 9300 ಲೀಟರ್ ನೀರು. ಸಾವಿರ ಲೀಟರಿನ ಕಪ್ಪು ಟ್ಯಾಂಕಿ ಇರುತ್ತದಲ್ಲ, ಅಂಥ ಒಂಬತ್ತಕ್ಕಿಂತ ಹೆಚ್ಚು. ಹವಾಮಾನ ಇಲಾಖೆ ರೆಡ್ ಅಲರ್ಟ್ ಎಂದಾಗ ಅದು ಹೇಳುತ್ತಿರುವುದು 24 ಗಂಟೆಯಲ್ಲಿ 204.4 ಮಿಲಿಮೀಟರಿಗೂ ಹೆಚ್ಚು ಮಳೆ ಎಂದು. ಅಂದರೆ ಒಂದೇ ದಿನದಲ್ಲಿ ನಿಮ್ಮ ತಾರಸಿಯಿಂದ ಇಳಿಯುವುದು ಹತ್ತೊಂಬತ್ತು ಟ್ಯಾಂಕಿ ನೀರು. ಅದು ಒಂದೇ ಪೈಪಿನಲ್ಲಿ ಇಳಿದು, ಒಂದೇ ಮೂಲೆಯಲ್ಲಿ ಬಿದ್ದು, ಅಡಿಪಾಯದ ಬುಡದಲ್ಲೇ ಇಂಗಿದರೆ ಹೇಗಿರಬೇಡ?

ಊರಿನವರೇ ಯಾಕೆ?

ಪೇಟೆಯ ಕಾಂಟ್ರಾಕ್ಟರ್‌ಗಳೆಲ್ಲ ಕೆಟ್ಟವರು, ಊರಿನ ಮೇಸ್ತ್ರಿಗಳೆಲ್ಲ ಸತ್ಯಹರಿಶ್ಚಂದ್ರರು ಎಂದು ನಾನು ಹೇಳುತ್ತಿಲ್ಲ. ನಾಳೆ ಬರ್ತೇನೆ ಎಂದು ನಲವತ್ತು ನಾಳೆಗಳನ್ನು ಕಳೆದ ಊರಿನ ಪ್ಲಂಬರ್ ನನಗೂ ಗೊತ್ತು. ಆದರೆ ಚರಂಡಿ, ತಡೆಗೋಡೆ, ಮಾಡಿನ ಶೀಟು, ಇವು ಬಾತ್‌ರೂಮಿಗೆ ಟೈಲ್ಸ್ ಹಾಕಿದಂಥ ಕೆಲಸವಲ್ಲ. ಇವುಗಳ ಪರೀಕ್ಷೆ ನಡೆಯುವುದು ಕೆಲಸ ಮುಗಿದು, ದುಡ್ಡು ಕೊಟ್ಟು, ಎರಡು ತಿಂಗಳಾದ ಮೇಲೆ, ರಾತ್ರಿ ಎರಡು ಗಂಟೆಗೆ, ಕರೆಂಟಿಲ್ಲದಾಗ. ಆ ಹೊತ್ತಿಗೆ ಫೋನ್ ಮಾಡಿದರೆ ಬರಬಲ್ಲವರು ಯಾರೋ ಅವರಿಗೇ ಕೆಲಸ ಕೊಡುವುದು ಜಾಣತನ. ಇದು ಒಂದನೆಯದು.

ಎರಡನೆಯದು ಇನ್ನೂ ಮುಖ್ಯ. ಊರಿನವರು ನಿಮ್ಮ ಜಾಗವನ್ನು ಮಳೆಯಲ್ಲಿ ನೋಡಿರುತ್ತಾರೆ. ನನ್ನ ತವರು ಬೆಳ್ತಂಗಡಿಯಿಂದ ಚಾರ್ಮಾಡಿಗೆ ಹೋಗುವ ದಾರಿಯಲ್ಲಿ. ಅಪ್ಪ ಇದ್ದಾಗ ಪ್ರತಿ ವರ್ಷ ಮೇ ತಿಂಗಳಲ್ಲಿ ಒಬ್ಬರು ಅಜ್ಜ ಬಂದು ಮನೆಯ ಸುತ್ತಿನ ಕಣಿ ಬಿಡಿಸಿ ಹೋಗುತ್ತಿದ್ದರು. ಆಟಿ ತಿಂಗಳಲ್ಲಿ ಪಶ್ಚಿಮದ ಜಗಲಿಯ ಅಡಿಯಲ್ಲಿ ಒರತೆ ಏಳುತ್ತದೆ, ಆದ್ದರಿಂದ ಅಲ್ಲಿ ಕಣಿ ಒಂದು ಗೇಣು ಆಳ ಹೆಚ್ಚು ಬೇಕು ಎಂಬುದು ಅವರಿಗೆ ಗೊತ್ತಿತ್ತು. ಯಾವ ನಕ್ಷೆಯಲ್ಲೂ ಅದು ಇರಲಿಲ್ಲ. ಅವರು ಹೋದ ಮೇಲೆ ಅಣ್ಣ ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿ ಆ ಕಣಿ ಮುಚ್ಚಿಸಿದ. ಮರುವರ್ಷ ದೇವರ ಕೋಣೆಯ ನೆಲದಲ್ಲಿ ನೀರು! 2019ರ ಆಗಸ್ಟಿನಲ್ಲಿ ಚಾರ್ಮಾಡಿ ಕಡೆ ಗುಡ್ಡಗಳು ಜರಿದು, ಮೃತ್ಯುಂಜಯ ಹೊಳೆ ಉಕ್ಕಿ, ಕೊಳಂಬೆಯಂಥ ಜಾಗಗಳಲ್ಲಿ ಅಡಿಕೆ ತೋಟಗಳು ಮರಳಿನಡಿ ಹೂತುಹೋದದ್ದು ನಿಮಗೆ ನೆನಪಿರಬಹುದು. ಅಷ್ಟು ದೊಡ್ಡದಕ್ಕೆ ಯಾವ ಕಣಿಯೂ ಸಾಕಾಗದು, ನಿಜ. ಆದರೆ ಪ್ರತಿ ವರ್ಷದ ಸಾಮಾನ್ಯ ಮಳೆಗೆ ಮನೆಯೊಳಗೆ ನೀರು ಬಂದರೆ, ಎಲ್ಲೋ ಒಂದು ಹಳೆಯ ಕಣಿಯನ್ನು ನಾವೇ ಮುಚ್ಚಿಲ್ಲವೇ ಎಂದು ಮೊದಲು ನೋಡಬೇಕು.

ಬಂಟ್ವಾಳದ ಹಳೇಪೇಟೆ, ಪಾಣೆಮಂಗಳೂರು ಕಡೆ, ನೇತ್ರಾವತಿಯ ಹತ್ತಿರ ಮನೆ ಇರುವವರು ಕೆಲಸಕ್ಕೆ ಮೊದಲು ಹಿರಿಯರನ್ನು ಒಂದು ಮಾತು ಕೇಳಿ: ಎಪ್ಪತ್ತನಾಲ್ಕರ ನೆರೆಗೆ ನೀರು ಎಲ್ಲಿವರೆಗೆ ಬಂದಿತ್ತು? 2019ರಲ್ಲಿ ಎಲ್ಲಿವರೆಗೆ? 1923ರ ನೆರೆಯ ಕಥೆ ಅಜ್ಜಿಯಿಂದ ಕೇಳಿದವರು ಇನ್ನೂ ಸಿಗುತ್ತಾರೆ. ಪಂಪಿನ ಸ್ವಿಚ್ಚು, ಇನ್ವರ್ಟರಿನ ಬ್ಯಾಟರಿ, ಮೀಟರ್ ಬೋರ್ಡು ಎಷ್ಟು ಎತ್ತರದಲ್ಲಿರಬೇಕು ಎಂದು ಹೇಳಬೇಕಾದದ್ದು ಆ ಗುರುತು. ಎಲೆಕ್ಟ್ರಿಷಿಯನ್ ಬಂದಾಗ ಆರ್‌ಸಿಸಿಬಿ ಇದೆಯೇ ಎಂದೂ ಕೇಳಿ. ಒದ್ದೆ ಗೋಡೆಯಲ್ಲಿ ಕರೆಂಟು ಸೋರಿದರೆ ಲೈನ್ ಕಡಿಯುವ ಸಾಧನ ಅದು, ಮನೆಗೆ 30 ಮಿಲಿ ಆಂಪಿಯರಿನದು ಬೇಕು. ಅದರ ಮೇಲೊಂದು ಪರೀಕ್ಷೆಯ ಗುಂಡಿ ಇರುತ್ತದೆ, ತಿಂಗಳಿಗೊಮ್ಮೆ ಒತ್ತಿ ನೋಡಿ. ಒತ್ತಿದರೂ ಕರೆಂಟು ಹೋಗದಿದ್ದರೆ ಅದು ಹಾಳಾಗಿದೆ ಎಂದೇ ಅರ್ಥ.

ಮೂಡುಬಿದಿರೆಯಲ್ಲಿ ನನ್ನ ನಾದಿನಿಯದು ಶೀಟಿನ ಕಥೆ. ತಾರಸಿ ಸೋರುತ್ತದೆ ಎಂದು ಮೇಲೆ ಶೀಟಿನ ಮಾಡು ಹಾಕಿಸಿದಳು. ಈಗ ನಮ್ಮ ಜಿಲ್ಲೆಯಲ್ಲಿ ಅದಿಲ್ಲದ ಮನೆಯೇ ಇಲ್ಲವಲ್ಲ. ಎಲ್ಲೋ ದೂರದಿಂದ ಬಂದ ತಂಡ, ಚದರಡಿಗೆ ಐದು ರೂಪಾಯಿ ಕಮ್ಮಿ. ಮುಂಗಾರಿಗೆ ಮೊದಲಿನ ಒಂದು ಗುಡುಗು-ಗಾಳಿಗೆ ಪಡುಗಡೆಯ ಎರಡು ಶೀಟು ಹಾರಿ ಎದುರು ಮನೆಯ ಕಾರಿನ ಮೇಲೆ ಬಿತ್ತು. ಯಾರೂ ಹೊರಗಿರಲಿಲ್ಲ, ಪುಣ್ಯ. ಊರಿನ ವೆಲ್ಡರ್ ಬಂದು ನೋಡಿ ನಕ್ಕ. ಒಂದು ಶೀಟಿನ ಮೇಲೆ ಇನ್ನೊಂದು ಕೂರುವ ಅಂಚು ಪಡುವಣ ಗಾಳಿಗೇ ಬಾಯಿ ತೆರೆದುಕೊಂಡಿತ್ತು. ಮಾಡಿನ ಚಾಚು ಎರಡೂವರೆ ಅಡಿ, ಅದರ ಕೆಳಗೆ ಆಧಾರವಿಲ್ಲ. ತಿರುಪುಗಳು ಎರಡು ಅಡಿಗೊಂದು, ಕೆಲವಕ್ಕೆ ರಬ್ಬರ್ ವಾಷರೇ ಇಲ್ಲ. ಮಳೆಗಾಲದ ಗಾಳಿ ಕಡಲ ಕಡೆಯಿಂದ ಬರುತ್ತದೆ ಎಂಬುದು ಇಲ್ಲಿ ಹುಟ್ಟಿದವನಿಗೆ ಹೇಳಿಕೊಡಬೇಕಾಗಿಲ್ಲ. ಅದೇ ಊರಿನಲ್ಲಿ 1430ರಲ್ಲಿ ಕಟ್ಟಲು ತೊಡಗಿದ ಸಾವಿರ ಕಂಬದ ಬಸದಿ ಇದೆ. ಮುಂದಿನ ಸಲ ಹೋದಾಗ ಕಂಬ ಎಣಿಸುವುದನ್ನು ಬಿಟ್ಟು ಮಾಡು ನೋಡಿ. ಇಳಿಜಾರಾದ ಮಾಡು, ಗೋಡೆಗೆ ಎರಚಲು ತಾಗದಂತೆ ಮುಂಚಾಚು. ಊರಿನ ಮಳೆ ಗೊತ್ತಿದ್ದವರು ಕಟ್ಟಿದ್ದು!

ಕೆಲಸ ಕೊಡುವಾಗ

ಮೊದಲು ಕಾಲ. ಮೇ ತಿಂಗಳಲ್ಲಿ ಮೇಸ್ತ್ರಿಗೆ ಫೋನ್ ಮಾಡಿದರೆ ಸಿಗುವುದಿಲ್ಲ, ಸಿಕ್ಕಿದರೆ ಅವಸರದ ಕೆಲಸ. ಸಿಮೆಂಟಿಗೆ ನೀರು ಹಾಕಿ ಆರೈಕೆ ಮಾಡಲಿಕ್ಕೂ ದಿನ ಬೇಕಲ್ಲ? ಜನವರಿ-ಫೆಬ್ರವರಿ ಒಳ್ಳೆಯದು. ಆದರೆ ತೋರಿಸುವುದು ಮಳೆಯಲ್ಲೇ ತೋರಿಸಿ. ಜುಲೈಯಲ್ಲಿ ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ನಿಮ್ಮ ಮೊಬೈಲಿನಲ್ಲಿ ವೀಡಿಯೋ ಮಾಡಿಟ್ಟುಕೊಳ್ಳಿ. ಬಕೆಟ್ ಇಡುವವರು ನಾವು, ಗೋಣಿ ಹಾಸುವವರು ನಾವು. ಆಫೀಸಿಗೆ ಹೋಗುವವರಿಗಿಂತ ನಮ್ಮ ಮನೆಯ ನೀರಿನ ದಾರಿ ನಮಗೇ ಚೆನ್ನಾಗಿ ಗೊತ್ತು. ಹಾಗಾಗಿ ಮೇಸ್ತ್ರಿ ಜಾಗ ನೋಡಲು ಬಂದಾಗ ಚಾ ಕೊಟ್ಟು ಒಳಗೆ ಹೋಗಬೇಡಿ. ಜೊತೆಗೆ ಸುತ್ತು ಬನ್ನಿ.

ಅವರು ಹಿಂದೆ ಮಾಡಿದ ಎರಡು ಮನೆ ತೋರಿಸಲು ಹೇಳಿ. ಕಳೆದ ತಿಂಗಳು ಮುಗಿದದ್ದಲ್ಲ, ಕನಿಷ್ಠ ಎರಡು ಮಳೆಗಾಲ ಕಂಡ ಕೆಲಸ. ಆ ಮನೆಯ ಯಜಮಾನರನ್ನು ಕೇಳಿದರೆ "ಪರವಾಗಿಲ್ಲ" ಎನ್ನುತ್ತಾರೆ. ಆ ಮನೆಯ ಹೆಂಗಸರನ್ನು ಕೇಳಿ. ಹೊಸಬರನ್ನು ಹುಡುಕುವುದಾದರೆ, ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯಲ್ಲಿ, ವೇಣೂರಿನ ಐಟಿಐಯಂಥ ಕಡೆಗಳಲ್ಲಿ ಕಲಿತು ಊರಲ್ಲೇ ಅಂಗಡಿ ಇಟ್ಟ ಹುಡುಗರಿದ್ದಾರೆ. ಕಲಿತದ್ದು ಎಲ್ಲಿ ಎಂದು ಕೇಳುವುದರಲ್ಲಿ ಅವಮಾನವೇನೂ ಇಲ್ಲ. ಗೋಡೆ ಆಳೆತ್ತರಕ್ಕಿಂತ ಹೆಚ್ಚಿದ್ದರೆ, ಇಲ್ಲವೇ ಮನೆ ಹಿಂದೆ ಕಡಿದ ಗುಡ್ಡವಿದ್ದರೆ ಮಾತ್ರ ಮೇಸ್ತ್ರಿಯೊಬ್ಬರಿಗೇ ಬಿಡಬೇಡಿ. ಒಬ್ಬ ಸಿವಿಲ್ ಎಂಜಿನಿಯರ್ ಬಂದು ಮಣ್ಣು ನೋಡಲಿ. ಅದರ ಫೀಸು ದಂಡವಲ್ಲ.

ಸಂಬಳಕ್ಕೋ, ಕಾಂಟ್ರಾಕ್ಟಿಗೋ ಎಂಬುದನ್ನು ಮೊದಲೇ ಮಾತಾಡಿ. ಅರ್ಧ ಹಾಳೆಯಲ್ಲಾದರೂ ಬರೆಯಿರಿ: ಎಷ್ಟು ಅಡಿ ಚರಂಡಿ, ಎಷ್ಟು ಅಗಲ, ಯಾವ ಕಲ್ಲು, ಪೈಪು ಎಷ್ಟು ಇಂಚಿನದು, ಕಡಿದ ಮಣ್ಣು ಎಲ್ಲಿಗೆ. ಆ ಕೊನೆಯದು ಬಹಳ ಮುಖ್ಯ, ಇಲ್ಲದಿದ್ದರೆ ಮಣ್ಣನ್ನು ಪಕ್ಕದ ತೋಡಿಗೇ ತಳ್ಳುತ್ತಾರೆ. ದುಡ್ಡಿನಲ್ಲಿ ಹತ್ತನೇ ಒಂದು ಪಾಲನ್ನು ಮೊದಲ ದೊಡ್ಡ ಮಳೆ ನೋಡಿ ಕೊಡುತ್ತೇನೆ ಎನ್ನಿ. ಕೆಲಸದ ಮೇಲೆ ನಂಬಿಕೆ ಇರುವವರು ಒಪ್ಪುತ್ತಾರೆ, ನಮ್ಮ ಮೇಸ್ತ್ರಿ ನಕ್ಕೇ ಒಪ್ಪಿದ್ದರು. ಆದರೆ ನೀವೂ ಆ ದುಡ್ಡನ್ನು ಜೂನ್ ಕೊನೆಗೆ ಕೇಳದೆಯೇ ಕೊಟ್ಟುಬಿಡಿ. ಆಟಿಯಲ್ಲಿ ಅವರಿಗೆ ಕೆಲಸವಿರುವುದಿಲ್ಲ.

ಚರಂಡಿಯ ಇಳಿಜಾರು ನೋಡಲು ಎಂಜಿನಿಯರಿಂಗ್ ಓದಬೇಕಿಲ್ಲ. ಹತ್ತು ಅಡಿಗೆ ಒಂದು ಇಂಚಿಗಿಂತ ಸ್ವಲ್ಪ ಹೆಚ್ಚು ಇಳಿಯಬೇಕು. ಕೆಲಸದವರು ನೀರು ತುಂಬಿದ ಪಾರದರ್ಶಕ ಪೈಪು ಹಿಡಿದು ಮಟ್ಟ ನೋಡುತ್ತಾರೆಯೇ, ಇಲ್ಲ ಕಣ್ಣಂದಾಜೇ ಎಂದು ಗಮನಿಸಿ. ಮುಗಿದ ಮೇಲೆ ಮೇಲಿನ ತುದಿಗೆ ನಾಲ್ಕು ಬಕೆಟ್ ನೀರು ಸುರಿಯಿರಿ. ನಡುವೆ ಎಲ್ಲಾದರೂ ನಿಂತರೆ ಅವತ್ತೇ ಹೇಳಿ. ತಡೆಗೋಡೆಯಾದರೆ ನಾಲ್ಕೈದು ಅಡಿಗೊಂದು ತೂತು, ಅದರ ಹಿಂದೆ ಜಲ್ಲಿ. ಮಣ್ಣನ್ನೇ ನೇರ ತುಂಬಿಸಿದರೆ ಒಂದು ವರ್ಷದಲ್ಲಿ ತೂತು ಕಟ್ಟಿಕೊಳ್ಳುತ್ತದೆ. ನಿಮ್ಮ ಚರಂಡಿ ಎಲ್ಲಿಗೆ ಹೋಗಿ ಮುಗಿಯುತ್ತದೆ ಎಂದು ಕೊನೆಯವರೆಗೆ ನಡೆದು ನೋಡಿ. ಪಕ್ಕದ ಮನೆಯ ದರೆಯ ತಲೆಗೆ ಬಿಟ್ಟು ಬಂದರೆ ನಮ್ಮ ಅಂಗಳ ಒಣಗಿತು, ಅವರ ಗೋಡೆ ಬಿತ್ತು. ಜಾಗ ಇಕ್ಕಟ್ಟಾದರೆ ಬಂಟ್ವಾಳ, ಮೂಡುಬಿದಿರೆ ಪುರಸಭೆ, ಬೆಳ್ತಂಗಡಿ ಪಟ್ಟಣ ಪಂಚಾಯಿತಿ, ಇಲ್ಲವೇ ನಿಮ್ಮ ಗ್ರಾಮ ಪಂಚಾಯಿತಿಗೆ ನಾಲ್ಕು ಮನೆಯವರು ಸೇರಿ ಅರ್ಜಿ ಕೊಡಿ. ಒಬ್ಬರ ಅರ್ಜಿಗಿಂತ ನಾಲ್ವರದ್ದು ಬೇಗ ಓಡುತ್ತದೆ.

ಇಂಗುಗುಂಡಿಯ ಬಗ್ಗೆ ಒಂದು ಮಾತು. ಶ್ರೀಪಡ್ರೆಯವರಂಥವರು ವರ್ಷಗಟ್ಟಲೆ ಬರೆದು ಮಳೆನೀರು ಹಿಡಿಯುವುದನ್ನು ನಮಗೆ ಕಲಿಸಿದ್ದಾರೆ, ನಾನೂ ಮಾಡಿನ ನೀರನ್ನು ಸೋಸಿ ಬಾವಿಗೆ ಬಿಡುತ್ತೇನೆ. ಆದರೆ ಕಡಿದ ದರೆಯ ತಲೆಯ ಮೇಲೆ, ತಡೆಗೋಡೆಯ ಹಿಂದೆ ಗುಂಡಿ ತೋಡಲು ಯಾರಾದರೂ ಹೊರಟರೆ ತಡೆಯಿರಿ. ಅಲ್ಲಿ ನೀರು ಇಂಗಬಾರದು, ಹರಿದು ಹೋಗಬೇಕು.

ಅಗ್ಗವೆಂದು ಇನ್ನೆರಡು ಕೆಲಸ ಮಾತ್ರ ಯಾರಿಂದಲೂ ಮಾಡಿಸಬೇಡಿ. ಮಳೆಗೆ ಶೌಚದ ಗುಂಡಿ ತುಂಬಿತೆಂದು ಒಳಗೆ ಮನುಷ್ಯನನ್ನು ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ, ಅದಕ್ಕಿಂತ ಮೊದಲು ಅದು ಸಾವಿನ ದಾರಿ. ಹೀರುವ ಯಂತ್ರದ ಲಾರಿಯನ್ನೇ ಕರೆಸಿ. ವಿದ್ಯುತ್ ತಂತಿಯ ಹತ್ತಿರದ ಕೊಂಬೆ ಕಡಿಸುವಾಗ ಮೆಸ್ಕಾಂಗೆ ಹೇಳಿ ಲೈನ್ ಆಫ್ ಮಾಡಿಸದೆ ಯಾರನ್ನೂ ಮರ ಹತ್ತಿಸಬೇಡಿ. ಮೆಸ್ಕಾಂ ಸಹಾಯವಾಣಿ 1912, ಜಿಲ್ಲೆಯ ವಿಪತ್ತು ನಿಯಂತ್ರಣ ಕೊಠಡಿ 1077. ಫ್ರಿಜ್ಜಿನ ಬಾಗಿಲಿಗೆ ಬರೆದು ಅಂಟಿಸಿ, ಕೆಳಗೆ ಮೇಸ್ತ್ರಿಯ ನಂಬರೂ ಇರಲಿ. ದರೆಯಲ್ಲಿ ಹೊಸ ಬಿರುಕು, ಮರ ಒಂದು ಬದಿಗೆ ವಾಲಿದ್ದು, ಎಂದೂ ಇಲ್ಲದ ಕಡೆಯಿಂದ ಕೆಸರು ನೀರು, ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾಗುವುದು, ಇವುಗಳಲ್ಲಿ ಯಾವುದು ಕಂಡರೂ ಮೇಸ್ತ್ರಿಗೆ ಕಾಯದೆ ಮಕ್ಕಳನ್ನು ಕರೆದುಕೊಂಡು ಹೊರಡಿ. ಅಡುಗೆ ಒಲೆಯ ಮೇಲಿದ್ದರೆ ಆರಿಸಿ ಹೊರಡಿ.

ನಮ್ಮ ಹೊಸ ಗೋಡೆಗೆ ಈಗ ಎರಡು ಮಳೆಗಾಲ ಕಳೆಯಿತು. ಆರು ತೂತಿನಿಂದಲೂ ಜುಲೈಯಲ್ಲಿ ಸಣ್ಣ ನಲ್ಲಿಯಂತೆ ನೀರು ಬರುತ್ತದೆ. ತಿಳಿಹಳದಿ ಬಣ್ಣದ ಮೇಲೆ ಆರು ಉದ್ದದ ಕೆಂಪು ಗೆರೆಗಳು. ದೀಪಾವಳಿಗೆ ಮೊದಲು ಬಣ್ಣ ಬಳಿಯುವವನು ಬಂದು, "ಅಕ್ಕಾ, ಅದನ್ನು ಮುಚ್ಚಿ ಒಂದು ಕೋಟ್ ಕೊಡ್ಲಾ?" ಎಂದು ಕೇಳಿದ. ಕೆಳಗಿನ ಅಂಗಳದಿಂದ ದೊಡ್ಡಮ್ಮನೇ ಕೂಗಿ ಹೇಳಿದರು, "ತೂತು ಮುಟ್ಟಬೇಡ ಮಾರಾಯ, ಅದರ ಮೇಲಿನ ಗಿಡಕ್ಕೆ ಬೇಕಾದ್ರೆ ಬಣ್ಣ ಕೊಡು!"